ಕಾಫಿ ಕಣದಲ್ಲಿ ಕಟ್ಟಿದ ತಂಡ

ಹುದ್ದೆಯ ಹೆಸರು ದೈಹಿಕ ಶಿಕ್ಷಣ ನಿರ್ದೇಶಕಿ. ಕೇಳುವುದಕ್ಕೆ ಗತ್ತಾಗಿದೆ. ಕಾಲೇಜಿನೊಳಗೆ ಕಾಲಿಟ್ಟ ಮೇಲೆ ನೀವು ಬರೀ ಪಿ.ಟಿ. ಮೇಡಂ. ಸ್ವಾತಂತ್ರ್ಯ ದಿನಾಚರಣೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವವಳು, ಮುಖ್ಯ ಅತಿಥಿಗಳು ಬರುವುದು ತಡವಾದರೆ ಹಾರ ಹಿಡಿದು ಗೇಟಿನಲ್ಲಿ ಕಾಯುವವಳು, ಮೈಕು ಕೆಟ್ಟರೆ ಸೀಟಿ ಊದಿ ಜನರನ್ನು ಸುಮ್ಮನಾಗಿಸುವವಳು. ಪರೀಕ್ಷೆ ಬಂತೆಂದರೆ ಬೆಂಚು ಹೊರಿಸುವುದೂ ನಮ್ಮ ಪಾಲಿಗೇ. ಆಟ ಆಡಿಸುವುದು ಇದೆಲ್ಲ ಮುಗಿದು ಸಮಯ ಉಳಿದರೆ.

ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಈ ಕೆಲಸ ಮಾಡಿಯೇ ನನ್ನ ಕೂದಲು ಬೆಳ್ಳಗಾಯಿತು. ಈಗ ನಿವೃತ್ತಳು. ಇದೇ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಫೋನ್ ಮಾಡಿ, “ಮೇಡಂ, ಕೆಲ್ಸ ಹೆಂಗಿರತ್ತೆ?” ಎಂದು ಕೇಳುತ್ತಾರೆ. ಸಕ್ಕರೆ ಹಚ್ಚಿ ಹೇಳುವ ಅಭ್ಯಾಸ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನಡುನಡುವೆ ನನಗೆ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಿ.

ನನ್ನ ಮೊದಲ ಪ್ರಿನ್ಸಿಪಾಲರು ಸಾಧು ಮನುಷ್ಯ, ಎಲ್ಲದಕ್ಕೂ ಹೆದರುವವರು. ನಾನು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟುತ್ತೇನೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಯಾವ ಬಟ್ಟೆ ಹಾಕ್ಕೊಂಡು ಆಡ್ತಾರೆ?” ಎಂದು. ಕಡೆಗೆ ಚೂಡಿದಾರದ ಪ್ಯಾಂಟು, ಅದರ ಮೇಲೆ ಗಂಡುಮಕ್ಕಳ ಜೆರ್ಸಿ ಎಂದು ಒಪ್ಪಂದವಾಯಿತು. ಚೂಡಿದಾರದ ಪ್ಯಾಂಟಿಗೆ ಲಾಡಿ ಇರುತ್ತದೆ. ಲಾಡಿ ಬಿಗಿ ಮಾಡಿಕೊಳ್ಳಲು ಆಟದ ನಡುವೆ ಬಿಡುವು ಕೇಳಿದ ತಂಡ ಇಡೀ ವಿಶ್ವವಿದ್ಯಾಲಯದಲ್ಲಿ ನಮ್ಮದೊಂದೇ. ಬೇರೆ ಕಾಲೇಜಿನವರು ನಕ್ಕರು. ನನ್ನ ಹುಡುಗಿಯರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಮರುವರ್ಷ ಪ್ರಿನ್ಸಿಪಾಲರನ್ನು ಕೇಳದೆ ಟ್ರ್ಯಾಕ್ ಪ್ಯಾಂಟು ತರಿಸಿದೆ. ಅವರು ನೋಡಿಯೂ ನೋಡದವರ ಹಾಗೆ ಇದ್ದುಬಿಟ್ಟರು. ಹೆದರುವ ಮೇಲಧಿಕಾರಿ ಇದ್ದರೆ ಇದೊಂದು ಅನುಕೂಲ, ನೀವು ಮಾಡಿ ಮುಗಿಸಿದ್ದನ್ನು ಕೆಡವುವುದಕ್ಕೂ ಅವರು ಹೆದರುತ್ತಾರೆ.

ಆದರೆ ಹೇಳಬೇಕಾದದ್ದು ಕೊರೊನಾ ಕಾಲದ ಸೀಸನ್ನಿನ ಕಥೆ. ಅಷ್ಟು ಹೊತ್ತಿಗೆ ಆ ಸಾಧು ಮನುಷ್ಯ ಹೋಗಿ, ಇನ್ನೊಬ್ಬರು ಬಂದು ಕೂತಿದ್ದರು. ಅವರ ಹೆಸರು ಬೇಡ. ಪ್ರಿನ್ಸಿಪಾಲರು ಅಂದರೆ ಸಾಕು.

ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿತು. ಮಳೆಗಾಲದ ಹೊತ್ತಿಗೆ ಎಲ್ಲ ಪಾಠಗಳೂ ಫೋನಿಗೆ ಬಂದವು. ಒಂದು ದಿನ ಪ್ರಿನ್ಸಿಪಾಲರು ಫೋನ್ ಮಾಡಿ, “ಮೇಡಂ, ನಿಮ್ದೂ ಆನ್‌ಲೈನ್ ಮಾಡಿ” ಅಂದರು. ಚೆಂಡನ್ನು ಆನ್‌ಲೈನಿನಲ್ಲಿ ಹೇಗೆ ಕೊಡಲಿ ಎಂದು ಕೇಳಿದೆ. “ಏನಾದ್ರೂ ಮಾಡಿ, ಕ್ಲಾಸ್ ಆಯ್ತು ಅನ್ನೋದಕ್ಕೆ ಸ್ಕ್ರೀನ್‌ಶಾಟ್ ಕಳ್ಸಿ” ಅಂದರು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಬರುವುದೇ ನೆಂಟರ ಹಾಗೆ. ಒಬ್ಬೊಬ್ಬಳು ಒಂದೊಂದು ಗುಡ್ಡ ಹತ್ತಿ ಸಿಗ್ನಲ್ ಹುಡುಕುತ್ತಿದ್ದಳು. ಕಳಸದ ಪೂರ್ಣಿಮಾ ಎಂಬ ಹುಡುಗಿ ಕೊಡೆ ಹಿಡಿದುಕೊಂಡು, ಜಿಗಣೆ ಕೀಳುತ್ತಾ, ನಾನು ಹೇಳುವುದನ್ನು ಕೇಳಿಸಿಕೊಂಡಳು. ಅವಳ ಮನೆಯಲ್ಲಿ ಚೆಂಡು ಇರಲಿಲ್ಲ. ಹಿತ್ತಲಿನಲ್ಲಿ ಚಕ್ಕೋತದ ಮರ ಇತ್ತು. ಚಕ್ಕೋತದ ಹಣ್ಣನ್ನು ಎರಡು ಕೈಯಲ್ಲಿ ಎತ್ತಿ, ಮಾಡಿಗೆ ತಾಗದಂತೆ ಎಸೆದು ಹಿಡಿಯುವುದು ಅವಳ ಅಭ್ಯಾಸ. ಒಮ್ಮೆ ಹಣ್ಣು ಬಿದ್ದು ಒಡೆಯಿತು. ಅವಳ ಅಜ್ಜಿ ಅದನ್ನು ಬಿಡಿಸಿ ಉಪ್ಪುಕಾರ ಹಚ್ಚಿ ತಿನ್ನುವುದು ನನ್ನ ಫೋನಿನಲ್ಲಿ ಕಂಡಿತು. ನಾನು ಪ್ರಿನ್ಸಿಪಾಲರಿಗೆ ಕಳಿಸಿದ್ದು ಅದೇ ಸ್ಕ್ರೀನ್‌ಶಾಟು. ಅವರು “ಗುಡ್” ಎಂದು ಉತ್ತರ ಕಳಿಸಿದರು. ನೋಡಿಯೇ ಇರಲಿಲ್ಲ.

ಕಾಲೇಜು ಮುಚ್ಚಿದ್ದಾಗ ಜನ ಒಟ್ಟೊಟ್ಟಿಗೆ ನಿಲ್ಲಬಾರದೆಂದು ವಾರದ ಸಂತೆಯನ್ನು ನಮ್ಮ ಆಟದ ಮೈದಾನಕ್ಕೆ ತಂದರು. ಅಲ್ಲಿಯವರೆಗೆ ನನ್ನ ತಕರಾರಿಲ್ಲ, ಜನ ಊಟ ಮಾಡಬೇಕಲ್ಲ. ಆದರೆ ಮೈದಾನ ಅಷ್ಟು ದೊಡ್ಡದಿರುವಾಗ ಬಾಸ್ಕೆಟ್‌ಬಾಲ್ ಕೋರ್ಟಿನ ಕಾಂಕ್ರೀಟಿನ ಮೇಲೇ ಅಂಗಡಿ ಹಾಕಿಸಿದರು, ಕೆಸರಾಗುವುದಿಲ್ಲ ಅಂತ. ಟಾರ್ಪಾಲು ಕಟ್ಟಲು ಕಾಂಕ್ರೀಟಿಗೆ ಕಬ್ಬಿಣದ ಗೂಟ ಹೊಡೆದರು. ಹಿಂದಕ್ಕೆ ತೆಗೆಯುವಾಗ ಲಾರಿಯೊಂದು ಕಂಬಕ್ಕೆ ಗುದ್ದಿ ಬೋರ್ಡು ಸೊಟ್ಟಗಾಯಿತು. ನಾನು ಹೋಗಿ ನೋಡಿದ ದಿನ ಒಂದು ರಿಂಗಿನಲ್ಲಿ ಬಾಳೆಗೊನೆ ತೂಗುಹಾಕಿದ್ದರು. ಆ ಕೋರ್ಟಿಗಾಗಿ ನಾನು ಯಾರ್ಯಾರ ಬಾಗಿಲು ತಟ್ಟಿದ್ದೆ ಎಂದು ನನಗೆ ಗೊತ್ತು. ಮೈಯೆಲ್ಲ ಉರಿದುಹೋಯಿತು. ಪ್ರಿನ್ಸಿಪಾಲರನ್ನು ಕೇಳಿದರೆ, “ಈಗ ಆಟ ಮುಖ್ಯಾನಾ ಮೇಡಂ, ಜೀವ ಮುಖ್ಯಾನಾ?” ಅಂದರು. ಅದೇ ತಿಂಗಳು ಹುಡುಗರ ಕ್ರಿಕೆಟ್ ಪಿಚ್ಚಿನ ಸುತ್ತ ಹಗ್ಗ ಕಟ್ಟಿಸಿ, ಅಲ್ಲಿ ಯಾರೂ ಅಂಗಡಿ ಹಾಕಬಾರದೆಂದು ಹೇಳಿಸಿದ್ದು ಅವರೇ.

ದೀಪಾವಳಿ ಕಳೆದ ಮೇಲೆ ಕಡೆಯ ವರ್ಷದವರಿಗೆ ಕಾಲೇಜು ತೆರೆಯಿತು. ಸ್ವಲ್ಪ ದಿನಕ್ಕೆ ವಿಶ್ವವಿದ್ಯಾಲಯದಿಂದ ಸುದ್ದಿ ಬಂತು. ಅಂತರ ಕಾಲೇಜು ಪಂದ್ಯಾವಳಿ ಚಿಕ್ಕಮಗಳೂರಿನಲ್ಲಿ ಒಂದೇ ದಿನ ನಡೆಯುತ್ತದೆ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯೂ ಅಲ್ಲೇ. ಬೇರೆ ಟ್ರಯಲ್ಸ್ ಇಲ್ಲ. ಆವತ್ತು ಆಡಿದವರಲ್ಲಿ ಆರಿಸುತ್ತಾರೆ, ಅಷ್ಟೇ.

ಇಲ್ಲಿ ಶಬಾನಾಳ ವಿಷಯ ಹೇಳಬೇಕು. ನಮ್ಮ ತಂಡದ ಕ್ಯಾಪ್ಟನ್, ಕಡೆಯ ವರ್ಷದ ಬಿ.ಎ. ಅವಳ ಅಪ್ಪ ಯೂಸುಫಣ್ಣನಿಗೆ ಬಣಕಲ್ಲಿನಲ್ಲಿ ರಸ್ತೆ ಪಕ್ಕದಲ್ಲೇ ಗ್ಯಾರೇಜು. ಎತ್ತರದ ಹುಡುಗಿಯೇನಲ್ಲ. ಆದರೆ ಚೆಂಡು ಎಲ್ಲಿ ಬೀಳುತ್ತದೆಂದು ಬೀಳುವ ಮೊದಲೇ ಗೊತ್ತಾಗುವವರು ಕೆಲವರಿರುತ್ತಾರೆ, ಅವಳು ಆ ಜಾತಿ. ನನ್ನ ಇಡೀ ವೃತ್ತಿಯಲ್ಲಿ ಅಂಥವರನ್ನು ನಾನು ಕಂಡದ್ದು ಬಹಳ ಕಡಿಮೆ. ಅವಳಿಗೆ ನನ್ನ ಕೆಲಸವೇ ಬೇಕಿತ್ತು. ಮೊದಲ ವರ್ಷದಲ್ಲೇ ಬಂದು, “ನಾನೂ ನಿಮ್ಮಂಗೇ ಪಿ.ಟಿ. ಮೇಡಂ ಆಗ್ಬೇಕು” ಎಂದಿದ್ದಳು. ಬೇರೆ ಒಳ್ಳೆ ಕೆಲಸ ಸಿಗಲಿಲ್ವಾ ಮಾರಾಯ್ತಿ ಎಂದು ಬೈದಿದ್ದೆ, ಒಳಗೊಳಗೇ ಖುಷಿಯಾಗಿತ್ತು. ದೈಹಿಕ ಶಿಕ್ಷಣದ ಓದಿಗೆ ಸೀಟು ಸಿಗಲು, ಮುಂದೆ ಕೆಲಸ ಸಿಗಲು, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಅವಳಿಗೆ ಉಳಿದದ್ದು ಆ ಒಂದು ದಿನ.

ಆಡುವುದಕ್ಕೆ ಕೋರ್ಟೇ ಇಲ್ಲ. ಆಗ ಸಿಂಚನಾ ಎಂಬ ಹುಡುಗಿ, “ನಮ್ಮ ಕಣ ಇದೆ ಮೇಡಂ” ಅಂದಳು. ಅವಳ ಅಪ್ಪ ಲೋಕಪ್ಪಗೌಡರಿಗೆ ಮೂಡಿಗೆರೆಗೂ ಬಣಕಲ್ಲಿಗೂ ನಡುವೆ ಎಸ್ಟೇಟು. ಕಾಫಿ ಒಣಗಿಸುವ ಸಿಮೆಂಟಿನ ಕಣ ಕೋರ್ಟಿಗಿಂತ ದೊಡ್ಡದಾಗಿಯೇ ಇತ್ತು. ಮಳೆಗಾಲದ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತಿತ್ತು. ಎಂಟು ಹುಡುಗಿಯರು ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಲ್ಲಿ ಉಜ್ಜಿದರು. ಆ ಕಾಲದಲ್ಲಿ ಬೇರೇನೂ ಸಿಗದಿದ್ದರೂ ಬ್ಲೀಚಿಂಗ್ ಪೌಡರ್ ಸಿಗುತ್ತಿತ್ತು. ಯೂಸುಫಣ್ಣ ಹಳೇ ಲಾರಿಯ ಕಬ್ಬಿಣ ಬಗ್ಗಿಸಿ ರಿಂಗು ಮಾಡಿಕೊಟ್ಟರು. ಗೌಡರು ಒಂದು ಸಿಲ್ವರ್ ಓಕ್ ಮರ ಕಡಿಸಿ ಕಂಬಕ್ಕೆ ಕೊಟ್ಟರು. ಕಣದ ಸಿಮೆಂಟು ಒಡೆಯುವ ಹಾಗಿಲ್ಲ, ಮೇಲ್ಗಡೆ ಗೋಡೌನು. ಹಾಗಾಗಿ ಕೆಳ ಅಂಚಿನಲ್ಲಿ, ಚರಂಡಿ ಪಕ್ಕದ ಮಣ್ಣಿನಲ್ಲಿ ಗುಂಡಿ ತೆಗೆದು ಕಂಬ ನಿಲ್ಲಿಸಿದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಟೇಪು ಹಿಡಿದು, ಕಂಬದ ಬುಡದಿಂದ ರಿಂಗಿನ ಎತ್ತರ ಅಳೆದು, “ಕರೆಕ್ಟಾಗಿದೆ ಮೇಡಂ, ಕೂದ್ಲು ಎಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ” ಎಂದರು. ಯೂಸುಫಣ್ಣನೂ ಅಳೆದು ಹೂಂ ಅಂದರು. ಎಲ್ಲರಿಗೂ ಸಂತೋಷವಾಯಿತು.

ಆಮೇಲೆ ಕುಯ್ಲು ಶುರುವಾಯಿತು. ಕಣದ ತುಂಬ ಪಾರ್ಚ್‌ಮೆಂಟು ಹರಡಿದರು. ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಮೇಲೆ ತೆಳು ಹೊಟ್ಟು ಉಳಿದ ಕಾಫಿ. ಸೀಸನ್ ಮುಗಿಯಿತು ಎಂದು ನಾನು ತಲೆ ಮೇಲೆ ಕೈ ಹೊತ್ತೆ. ಶಬಾನಾ ಹೇಳಿದಳು, “ಸಂಜೆ ರಾಶಿ ಮಾಡ್ತಾರಲ್ಲ ಮೇಡಂ?” ಹೌದು, ಎಲ್ಲ ಎಸ್ಟೇಟಿನಲ್ಲೂ ಇರುವ ಪದ್ಧತಿ. ಬಿಸಿಲು ಇಳಿಯುವ ಹೊತ್ತಿಗೆ ಹರಡಿದ ಕಾಫಿಯನ್ನು ಗೋರುವ ಹಲಗೆಯಲ್ಲಿ ಎಳೆದು ರಾಶಿ ಮಾಡಿ, ಮಂಜು ಬೀಳುವ ಮೊದಲು ಟಾರ್ಪಾಲು ಹೊದಿಸಬೇಕು. ರಾಶಿಯಾದರೆ ಅರ್ಧಕ್ಕಿಂತ ಹೆಚ್ಚು ಕಣ ಖಾಲಿ. ಆ ವರ್ಷ ಕೊರೊನಾ ಹೆದರಿಕೆಯಿಂದ ಹೊರಗಿನ ಆಳುಗಳು ಬಂದಿರಲಿಲ್ಲ. ಇದ್ದವರೆಲ್ಲ ಕುಯ್ಲಿಗೇ ಬೇಕು, ರಾಶಿ ಮಾಡುವುದಕ್ಕೆ ಕೈ ಸಾಲದು. ಹುಡುಗಿಯರು ಸಂಜೆ ಬಂದು ರಾಶಿ ಮಾಡಿಕೊಡುವುದು, ಕತ್ತಲಾಗುವವರೆಗೆ ಖಾಲಿ ಜಾಗದಲ್ಲಿ ಆಡುವುದು ಎಂದು ಗೌಡರ ಜೊತೆ ಮಾತಾಯಿತು. ಗೌಡರಿಗೂ ಅನುಕೂಲ, ನಮಗೂ ಅನುಕೂಲ.

ಮೊದಲ ಸಂಜೆ ಎಲ್ಲರೂ ಹಲಗೆ ಹಿಡಿದರು. ಗೌಡರು ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ಒಂದ್ಮಾತು, ಬೇಜಾರು ಮಾಡ್ಕೋಬೇಡಿ. ಆ ಸಾಬರ ಹುಡ್ಗಿ ಕಾಫಿ ಮುಟ್ಟೋದು ಬೇಡ. ಅವ್ರ ಬೀದಿ ಸೀಲ್‌ಡೌನ್ ಆಗಿತ್ತಲ್ಲ, ನಮ್ಮ ಆಳುಗಳು ಹೆದ್ರ್ಕೊಳ್ತಾರೆ. ಆಟ ಆಡ್ಲಿ, ಅದಕ್ಕೆ ನಾನು ಬೇಡ ಅನ್ನಲ್ಲ.”

“ಗೌಡ್ರೇ, ಆ ಸೀಲ್‌ಡೌನ್ ಮಳೆಗಾಲದಲ್ಲೇ ತೆಗೆದ್ರಲ್ಲ? ಅವ್ರ ಮನೇಲಿ ಯಾರಿಗೂ ಬಂದೂ ಇರ್ಲಿಲ್ಲ.”

“ಗೊತ್ತು ಮೇಡಂ. ಆದ್ರೂ ಜನ ಬಿಡಲ್ವಲ್ಲ.”

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಹಾಗೆ. ಬೀದಿಗೆ ಕಟ್ಟಿದ್ದ ಬಿದಿರು ಬಿಚ್ಚಿ ಎಷ್ಟೋ ಕಾಲವಾಗಿತ್ತು, ಜನರ ಬಾಯಿಯಲ್ಲಿ ಅದು ಇನ್ನೂ ಕಟ್ಟಿಯೇ ಇತ್ತು. ಅದೇ ಮಳೆಗಾಲದಲ್ಲಿ ದೊಡ್ಡ ದೊಡ್ಡ ಬಂಗಲೆಗಳಿಗೂ ಕೊರೊನಾ ಬಂದು ಹೋಗಿತ್ತು. ಆ ಮನೆಯವರನ್ನು ಯಾರೂ ಏನೂ ಮುಟ್ಟಬೇಡಿ ಅನ್ನಲಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೋಡಿದೆ, ಶಬಾನಾಗೆ ಕೇಳಿಸಿಬಿಟ್ಟಿತ್ತು. ಅವಳು ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಗೇಟಿನ ಹತ್ತಿರ ಹೋಗಿ ಕಲ್ಲಿನ ಮೇಲೆ ಕೂತು ಶೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ಸಿಂಚನಾ ತನ್ನ ಹಲಗೆ ಕೆಳಗಿಟ್ಟಳು. “ಅವ್ಳು ಮುಟ್ಬಾರ್ದು ಅಂದ್ರೆ ನಾನೂ ಮುಟ್ಟಲ್ಲ ಅಪ್ಪ” ಎಂದು ಹೋಗಿ ಶಬಾನಾಳ ಪಕ್ಕ ಕೂತಳು. ಕಳಸದಿಂದ ಬಂದು ಮೂಡಿಗೆರೆಯ ಅತ್ತೆ ಮನೆಯಲ್ಲಿ ಉಳಿದಿದ್ದ ಪೂರ್ಣಿಮಾ ಎದ್ದಳು. ಆಮೇಲೆ ಉಳಿದವರೂ ಎದ್ದರು. ಒಬ್ಬಳೂ ಜೋರಾಗಿ ಮಾತಾಡಲಿಲ್ಲ. ಎಂಟು ಜನ ಗೇಟಿನ ಹತ್ತಿರ ಸಾಲಾಗಿ ಕೂತುಬಿಟ್ಟರು.

ಆಳುಗಳೆಲ್ಲ ಆಚೆ ಬದಿಯಲ್ಲಿ ಕುಯ್ದ ಹಣ್ಣು ಅಳೆಸುತ್ತಿದ್ದರು. ಕಣದಲ್ಲಿ ಉಳಿದದ್ದು ಗೌಡರು, ರೈಟರು, ನಾನು. ಕೆಳಗಿನ ಕಣಿವೆಯಿಂದ ಮಂಜು ಏಳುತ್ತಿತ್ತು. ಒಣಗಿದ ಪಾರ್ಚ್‌ಮೆಂಟು ನೆನೆದರೆ ಬಣ್ಣ ಕೆಡುತ್ತದೆ, ಅಷ್ಟು ದಿನದ ಬಿಸಿಲು ದಂಡ. ಗೌಡರು ತಾವೇ ಒಂದು ಹಲಗೆ ಹಿಡಿದು ಎಳೆದರು. ರೈಟರು ಇನ್ನೊಂದು ಹಿಡಿದರು. ಅಷ್ಟು ದೊಡ್ಡ ಕಣದಲ್ಲಿ ಇಬ್ಬರು ಎಳೆದದ್ದು ಕೆರೆಯ ನೀರನ್ನು ಚಮಚದಲ್ಲಿ ಮೊಗೆದ ಹಾಗೆ. ನನ್ನ ಕೈ ಹಲಗೆಯ ಕಡೆ ಹೋಗಲಿಲ್ಲ. ಬೇಕೆಂದೇ ಕೈ ಕಟ್ಟಿ ನಿಂತೆ.

“ಎದ್ದು ಬನ್ರೇ ಮಾರಾಯ್ತೀರಾ, ಮಂಜು ಇಳೀತಿದೆ!” ಗೌಡರು ಕೂಗಿದರು.

“ಯಾರ್ಯಾರು ಬರ್ಬೇಕಪ್ಪ?” ಸಿಂಚನಾ ಕೇಳಿದಳು.

“ಎಲ್ರೂ!”

“ಹೆಸ್ರು ಹೇಳಿ ಕರಿ.”

ಗೌಡರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕಣಿವೆಯ ಕಡೆ ನೋಡಿದರು. “ಶಬಾನಾ, ಬಾಮ್ಮ” ಅಂದರು. ಅವಳು ಬಂದು ಹಲಗೆ ಹಿಡಿದಳು. ಗೌಡರ ಮುಖ ನೋಡಲಿಲ್ಲ. ಎಲ್ಲರೂ ಸೇರಿ ಬಿರಬಿರನೆ ರಾಶಿ ಮಾಡಿ ಟಾರ್ಪಾಲು ಎಳೆದರು. ಅಷ್ಟರಲ್ಲಿ ಚೆಂಡು ಕಾಣದಷ್ಟು ಕತ್ತಲಾಗಿತ್ತು, ಆವತ್ತು ಆಟ ಆಗಲಿಲ್ಲ. ಮಾರನೆಯ ದಿನದಿಂದ ದಿನವೂ ಆಡಿದರು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಓಡಿ, ಉಸಿರು ಕಟ್ಟಿದಾಗ ಇಳಿಸಿ, ಮತ್ತೆ ಏರಿಸಿ ಆಡಿದರು.

ಪಂದ್ಯಾವಳಿಗೆ ಹೋಗುವವರೆಲ್ಲ ಕೊರೊನಾ ಪರೀಕ್ಷೆ ಮಾಡಿಸಬೇಕಿತ್ತು. ಎಂಟೂ ಜನರದು ನೆಗೆಟಿವ್ ಬಂತು. ಹೊರಡುವ ಹಿಂದಿನ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

“ತಂಡ ಹೋಗ್ಲಿ ಮೇಡಂ, ನನ್ನ ಅಭ್ಯಂತರ ಇಲ್ಲ. ಆ ಬಣಕಲ್ ಹುಡ್ಗಿ ಮಾತ್ರ ಬೇಡ. ಪೋಷಕರೊಬ್ರು ಫೋನ್ ಮಾಡಿ ಆಕ್ಷೇಪ ಹೇಳಿದ್ದಾರೆ.”

“ಯಾರು ಸರ್ ಆ ಪೋಷಕರು?”

“ಹೆಸ್ರು ಹೇಳೋ ಹಾಗಿಲ್ಲ.”

“ಸರ್, ಅವ್ಳ ರಿಪೋರ್ಟು ನೆಗೆಟಿವ್. ವಿಶ್ವವಿದ್ಯಾಲಯದವ್ರೇ ಆಡ್ಬಹುದು ಅಂದಿದ್ದಾರೆ. ಅವ್ಳು ಕ್ಯಾಪ್ಟನ್ನು. ಅವ್ಳಿಗೆ ಇದೇ ಕಡೇ ಅವಕಾಶ.”

“ರಿಪೋರ್ಟು ಬೇರೆ, ಏರಿಯಾ ಬೇರೆ. ನಾಳೆ ಏನಾದ್ರೂ ಆದ್ರೆ ಕಾಲೇಜ್ ಕಮಿಟಿಯವ್ರಿಗೆ ಉತ್ರ ಕೊಡೋನು ನಾನು. ಮುಂದಿನ್ವರ್ಷ ಆಡ್ಲಿ ಬಿಡಿ.”

ಕಡೆಯ ವರ್ಷದ ಹುಡುಗಿಗೆ ಮುಂದಿನ ವರ್ಷ ಎಲ್ಲಿಂದ ಬರುತ್ತದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೇಜು ಬಡಿದು ಮಾತಾಡಿದೆ. ಹೊರಗಿನ ಗುಮಾಸ್ತರು ಎದ್ದು ಬಂದು ಇಣುಕಿದರು. ಪ್ರಿನ್ಸಿಪಾಲರು ಶಾಂತವಾಗಿ ಸ್ಯಾನಿಟೈಸರ್ ತೆಗೆದು ಕೈಗೆ ಹಚ್ಚಿಕೊಂಡರು. ಅವರ ಆ ಶಾಂತಿ ನೆನಪಾದರೆ ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ.

ಫೋನ್ ಮಾಡಿದವರು ಲೋಕಪ್ಪಗೌಡರೇ ಎಂದು ನನಗೆ ಅನುಮಾನವಿರಲಿಲ್ಲ. ನೇರವಾಗಿ ಕಣಕ್ಕೆ ಹೋಗಿ, ಆಳುಗಳ ಎದುರಿಗೇ ಜಾಡಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಾನಲ್ಲ ಮೇಡಂ. ನಾನು ಹೇಳಿದ್ದು ತಪ್ಪೇ ಇರ್ಬಹುದು, ಆದ್ರೆ ಎದ್ರಿಗೇ ಹೇಳ್ದೆ. ಹಿಂದಿಂದ ಫೋನ್ ಮಾಡೋ ಬುದ್ಧಿ ನಮ್ಮ ಮನೇಲಿಲ್ಲ.” ಆಮೇಲೆ, “ಕಾಲೇಜಿಂದ ವ್ಯಾನು ಕೊಟ್ಟಿದ್ದಾರಾ?” ಎಂದು ಕೇಳಿದರು. ಕೊಟ್ಟಿರಲಿಲ್ಲ. “ಹಂಗಾದ್ರೆ ನಾನೇ ಜೀಪು ಓಡಿಸ್ತೀನಿ. ಆ ಹುಡ್ಗೀನೂ ಬರ್ಲಿ, ಅಲ್ಲಿ ಹೋಗಿ ಕೇಳಿ ನೋಡುವ.”

ಹುಡುಗಿಯರಿಗೆ ವಿಷಯ ಹೇಳಿದೆ. ಆಡುವುದೇ ಬೇಡ, ಯಾರೂ ಹೋಗುವುದು ಬೇಡ ಎಂದರು ಎಲ್ಲರೂ. ಕಣದಲ್ಲಿ ಕೂತು ಗೆದ್ದವರಲ್ಲವೇ. ನನಗೂ ಹಾಗೇ ಅನಿಸಿತ್ತು. ಬೇಡ ಎಂದವಳು ಶಬಾನಾ. “ಅವತ್ತು ನಾವು ಕೂತ್ರೆ ಗೌಡ್ರ ಕಾಫಿ ನೆನೀತಿತ್ತು. ಈಗ ಕೂತ್ರೆ ಪ್ರಿನ್ಸಿಪಾಲ್‌ಗೆ ಎಂತ ನಷ್ಟ? ಅವ್ರಿಗೆ ಟೀಮ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನೀವು ಆಡ್ರೇ” ಅಂದಳು. ಇಪ್ಪತ್ತೊಂದು ವರ್ಷ ತುಂಬದ ಹುಡುಗಿ ಆಡಿದ ಮಾತು. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ, ನಮ್ಮ ಮುಷ್ಕರಕ್ಕೆ ಹೆದರುವವರು ಯಾರೂ ಇಲ್ಲ. ಆಟ ನಿಂತರೆ ಯಾವ ಆಫೀಸಿನ ಬೀಗವೂ ಬೀಳುವುದಿಲ್ಲ.

ಚಿಕ್ಕಮಗಳೂರಿನ ಮೈದಾನದಲ್ಲಿ ನಾನು ಸಂಘಟಕರ ಮುಂದೆ ಕೈ ಮುಗಿದೆ, ರಿಪೋರ್ಟು ತೋರಿಸಿದೆ. ಕೈ ಮುಗಿದದ್ದಕ್ಕೆ ಈಗಲೂ ಸಿಟ್ಟಿದೆ. ಅವರಿಗೆ ಬೆಳಗ್ಗೆಯೇ ಪ್ರಿನ್ಸಿಪಾಲರ ಫೋನು ಬಂದಿತ್ತಂತೆ. “ಕಾಲೇಜಿನ ಒಪ್ಪಿಗೆ ಇಲ್ದೆ ನಾವೇನ್ ಮಾಡೋಕಾಗತ್ತೆ ಮೇಡಂ?” ಅಂದರು. ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ, ಹಾಗಾಗಿ ಒಳಗೆ ಕೂರುವುದಕ್ಕೂ ಬಿಡಲಿಲ್ಲ. ಶಬಾನಾ ತಂತಿ ಬೇಲಿಯ ಆಚೆ ರಸ್ತೆಯಲ್ಲಿ ನಿಂತಳು, ಜೆರ್ಸಿ ಹಾಕಿಕೊಂಡೇ. ಗೌಡರು ಜೀಪಿನಿಂದ ಇಳಿದು ಅವಳಿಗೆ ಸ್ವಲ್ಪ ದೂರದಲ್ಲಿ ನಿಂತರು.

ಮೊದಲ ಪಂದ್ಯ ಶುರುವಾಯಿತು. ನಮ್ಮವರು ಎಸೆದ ಒಂದು ಚೆಂಡೂ ಬೀಳಲಿಲ್ಲ. ಎಲ್ಲವೂ ರಿಂಗಿನ ಮುಂದಿನ ಅಂಚಿಗೆ ತಾಗಿ ವಾಪಸ್. ಕ್ಯಾಪ್ಟನ್ ಇಲ್ಲದ ಹೆದರಿಕೆ ಎಂದುಕೊಂಡು ನಾನು ಬದಿಯಿಂದ ಧೈರ್ಯ ಹೇಳುತ್ತಿದ್ದೆ. ಅರ್ಧ ಆಟ ಮುಗಿಯುವ ಮುಂಚೆ ಬೇಲಿಯ ಆಚೆಯಿಂದ ಗಂಟಲು ಹರಿಯುವಂಥ ಕೂಗು ಬಂತು.

“ಸಿಂಚೂ! ರಿಂಗ್ ಎತ್ರ ಇದೆ ಕಣೇ! ನಮ್ಮ ಕಣ ಇಳಿಜಾರು! ಮೇಲಕ್ಕೆ ಎತ್ತಿ ಹಾಕ್ರೇ!”

ನನಗೆ ಥಟ್ಟನೆ ಹೊಳೆಯಿತು. ಕಾಫಿ ಕಣ ಯಾವತ್ತೂ ಸಮತಟ್ಟಾಗಿರುವುದಿಲ್ಲ. ತೊಳೆದ ನೀರು ಹರಿದುಹೋಗಲೆಂದು ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನಮ್ಮ ಕಂಬ ಕೆಳ ಅಂಚಿನಲ್ಲಿತ್ತು, ಹುಡುಗಿಯರು ಎಸೆಯುತ್ತಿದ್ದದ್ದು ಮೇಲ್ಗಡೆಯಿಂದ. ರೈಟರು ಅಳೆದದ್ದು ಕಂಬದ ಬುಡದಲ್ಲಿ. ಅಳತೆ ಸರಿಯಾಗಿಯೇ ಇತ್ತು, ಆದರೆ ಎಸೆಯುವವರಿಗೆ ರಿಂಗು ಅಷ್ಟು ದಿನವೂ ಮೂರು ನಾಲ್ಕು ಬೆರಳು ತಗ್ಗಿನಲ್ಲಿತ್ತು. ಹುಟ್ಟಿದಾಗಿನಿಂದ ಕಣ ನೋಡಿದ ನಾವೆಲ್ಲ ಅದು ಇಳಿಜಾರೆಂಬುದನ್ನೇ ಮರೆತಿದ್ದೆವು. ರಸ್ತೆಯಲ್ಲಿ ನಿಂತವಳಿಗೆ ಅದು ಕಂಡಿತು.

ಸಿಂಚನಾ ತಲೆಯೆತ್ತಿ ರಿಂಗು ನೋಡಿದಳು, ಮೊಣಕಾಲು ಬಗ್ಗಿಸಿ ಎತ್ತಿ ಹಾಕಿದಳು. ಬಿತ್ತು. ಪೂರ್ಣಿಮಾ ಹಾಕಿದಳು, ಬಿತ್ತು. ಆಮೇಲೆ ಇಡೀ ಆಟವನ್ನು ಶಬಾನಾ ಬೇಲಿಯ ಆಚೆಯಿಂದಲೇ ಆಡಿಸಿದಳು. ಯಾರ ಮುಂದೆ ಜಾಗ ಖಾಲಿ ಇದೆ, ಯಾರು ದಣಿದಿದ್ದಾರೆ, ಎದುರಾಳಿಯ ಯಾವ ಹುಡುಗಿಗೆ ಎಡಗೈ ಬರುವುದಿಲ್ಲ, ಎಲ್ಲ ಕೂಗಿ ಹೇಳಿದಳು. ರೆಫರಿ ಒಮ್ಮೆ ನನ್ನ ಹತ್ತಿರ ಬಂದು, “ಮೇಡಂ, ಆ ಕೋಚ್‌ಗೆ ಸ್ವಲ್ಪ ನಿಧಾನಕ್ಕೆ ಕೂಗೋಕೆ ಹೇಳಿ” ಅಂದರು. “ಅವ್ಳು ಕೋಚ್ ಅಲ್ಲ ಸರ್, ಕ್ಯಾಪ್ಟನ್ನು” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆ ಪಂದ್ಯ ಗೆದ್ದೆವು. ಮುಂದಿನದರಲ್ಲಿ ಸೋತೆವು, ಅದೂ ಕೊನೆಯ ಗಳಿಗೆಯಲ್ಲಿ. ಆಯ್ಕೆಯಲ್ಲಿ ಪೂರ್ಣಿಮಾಳ ಹೆಸರು ಬಂತು. ಅವಳು ಖುಷಿಪಡುವುದು ಬಿಟ್ಟು ಬೇಲಿಯ ಹತ್ತಿರ ಹೋಗಿ ಅತ್ತಳು. “ಅಳ್ಬೇಡ ಮಾರಾಯ್ತಿ, ಚಕ್ಕೋತ ಹಣ್ಣಿಗೆ ಒಳ್ಳೇ ಹೆಸ್ರು ಬಂತು” ಎಂದು ಶಬಾನಾಳೇ ಅವಳನ್ನು ನಗಿಸಿದಳು.

ಬೇಸಿಗೆಗೆ ಎರಡನೇ ಅಲೆ ಬಂತು. ವಿಶ್ವವಿದ್ಯಾಲಯದ ತಂಡ ಎಲ್ಲಿಗೂ ಹೋಗಲಿಲ್ಲ, ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ ಆಯ್ಕೆಯಾದವರಿಗೆಲ್ಲ ಪ್ರಮಾಣಪತ್ರ ಬಂತು. ಅಂದರೆ ಆ ವರ್ಷ ಆಡುವುದು ಬೇಕಿರಲಿಲ್ಲ, ಆ ಒಂದು ಬೆಳಗ್ಗೆ ಬೇಲಿಯ ಒಳಗೆ ಇದ್ದಿದ್ದರೆ ಸಾಕಿತ್ತು. ಗಾಯದ ಮೇಲೆ ಬರೆ ಎಳೆದಂತೆ ಕಾಲೇಜಿನ ಗೇಟಿನಲ್ಲಿ ಒಂದು ಫ್ಲೆಕ್ಸು ಬಂತು. ಕೊರೊನಾ ಸಂಕಷ್ಟದಲ್ಲೂ ಕ್ರೀಡೆಗೆ ಪ್ರೋತ್ಸಾಹ ನೀಡಿದ ಪ್ರಿನ್ಸಿಪಾಲರಿಗೆ ಅಭಿನಂದನೆಗಳು ಎಂದು.

ಶಬಾನಾಗೆ ಆ ವರ್ಷ ಸೀಟು ಸಿಗಲಿಲ್ಲ. ಒಂದು ವರ್ಷ ಅಪ್ಪನ ಗ್ಯಾರೇಜಿನಲ್ಲಿ ಬಿಡಿಭಾಗ ತೆಗೆದುಕೊಡುತ್ತಾ ಕೂತಳು. ಮರುವರ್ಷ ಕ್ರೀಡಾ ಕೋಟಾ ಇಲ್ಲದೆ, ಬರೀ ಅಂಕದ ಮೇಲೆ ಸೇರಿ, ಓದು ಮುಗಿಸಿ, ಅದರ ಮೇಲಿನದನ್ನೂ ಮುಗಿಸಿದಳು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ನನ್ನ ಜಾಗಕ್ಕೆ ಅತಿಥಿ ಉಪನ್ಯಾಸಕಿಯನ್ನು ಆರಿಸಲು ಈಚೆಗೆ ಸಂದರ್ಶನ ನಡೆಯಿತು. ವಿಷಯ ತಿಳಿದವರು ಒಬ್ಬರಿರಲಿ ಎಂದು ನನ್ನನ್ನೂ ಕರೆದರು. ಪ್ರಿನ್ಸಿಪಾಲರು ಅವರೇ. ಜೊತೆಗೆ ಕಮಿಟಿಯವರೊಬ್ಬರು.

ಕೆಲಸ ಶಬಾನಾಗೆ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ನೀವು ಆಸೆ ಇಟ್ಟುಕೊಂಡು ಓದಬೇಡಿ.

ಅವಳು ಒಳಗೆ ಬಂದು ಕೂತಳು. ಪ್ರಿನ್ಸಿಪಾಲರು ಅವಳ ಕಾಗದಗಳನ್ನು ತಿರುವಿದರು. “ಮಾರ್ಕ್ಸ್ ಎಲ್ಲ ತುಂಬ ಚೆನ್ನಾಗಿದೆಯಮ್ಮ. ಆದ್ರೆ ಯೂನಿವರ್ಸಿಟಿಗೆ ಆಡಿಲ್ವಲ್ಲ?”

“ಇಲ್ಲ ಸರ್.”

“ಯಾಕಮ್ಮ? ಆಟದಲ್ಲಿ ಇಷ್ಟು ಆಸಕ್ತಿ ಇದ್ದೋರು ಓದುವಾಗ್ಲೇ ಪ್ರಯತ್ನ ಪಡ್ಬೇಕಿತ್ತು.”

ನಾನು ಅವರ ಮುಖ ನೋಡಿದೆ. ನಾಟಕವಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಒಂದು ಹುಡುಗಿಯ ಬದುಕಿನ ದಾರಿಗೆ ಅಡ್ಡ ಮಲಗಿದ ಮನುಷ್ಯನಿಗೆ ತಾನು ಅಲ್ಲಿ ಮಲಗಿದ್ದೆ ಎಂಬುದೂ ನೆನಪಿರಲಿಲ್ಲ. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಿದ್ದೆ. ಶಬಾನಾ ನನ್ನ ಕಡೆ ನೋಡಿ, ಕೂತುಕೊಳ್ಳಿ ಎನ್ನುವಂತೆ ಸ್ವಲ್ಪ ತಲೆಯಾಡಿಸಿದಳು.

“ಆಯ್ಕೆ ನಡೆದ ದಿನ ನನ್ನ ಹೆಸ್ರು ನೀವೇ ತೆಗ್ಸಿದ್ರಿ ಸರ್.”

ಪ್ರಿನ್ಸಿಪಾಲರ ಕೈ ಕಾಗದದ ಮೇಲೆ ನಿಂತಿತು. ಕಮಿಟಿಯವರು ಕಿಟಕಿಯ ಕಡೆ ತಿರುಗಿದರು.

“ಓ, ಆ ಕೊರೊನಾ ವರ್ಷ… ಆಗ ಪರಿಸ್ಥಿತಿ ಹಾಗಿತ್ತಮ್ಮ.”

“ಪರಿಸ್ಥಿತಿ ಎಲ್ರಿಗೂ ಇತ್ತು ಸರ್. ಹೊರಗೆ ನಿಂತಿದ್ದು ನಾನೊಬ್ಳೇ.”

ಧ್ವನಿ ಏರಿಸಲಿಲ್ಲ. ಕಾಗದಗಳನ್ನು ಜೋಡಿಸಿಕೊಂಡು, ನಮಸ್ಕಾರ ಹೇಳಿ ಎದ್ದಳು. ನಾನು ಹಿಂದೆಯೇ ಹೊರಗೆ ಹೋದೆ.

“ಹೇಳಿದ್ದು ಸರಿ ಮಾರಾಯ್ತಿ. ಆದ್ರೆ ಕೆಲ್ಸ ಹೋಯ್ತಲ್ಲ” ಎಂದೆ.

“ನಾನು ಬಾಯಿ ಮುಚ್ಕೊಂಡಿದ್ರೂ ಕೊಡ್ತಿರ್ಲಿಲ್ಲ ಮೇಡಂ. ಕೆಲ್ಸ ಇನ್ನೊಂದ್ಕಡೆ ಹುಡುಕ್ತೀನಿ” ಎಂದು ನಕ್ಕಳು. ಬಣಕಲ್ ಬಸ್ಸು ಬರುವ ಹೊತ್ತಾಗಿತ್ತು. ಗೇಟಿನವರೆಗೂ ಹೋಗಿ ಕಳಿಸಿ ಬಂದೆ.

ಒಳಗೆ ಮುಂದಿನ ಹುಡುಗಿ ಬಂದು ಕೂತಿದ್ದಳು. ನಾನೂ ನನ್ನ ಕುರ್ಚಿಯಲ್ಲಿ ಕೂತೆ. ಪ್ರಿನ್ಸಿಪಾಲರು ಅವಳ ಊರು ಕೇಳಿದರು, ಓದು ಕೇಳಿದರು, ಅನುಭವ ಕೇಳಿದರು. ಅವಳ ಕಾಗದಗಳಲ್ಲೂ ಯೂನಿವರ್ಸಿಟಿಗೆ ಆಡಿದ ಪ್ರಮಾಣಪತ್ರ ಇರಲಿಲ್ಲ. ನನ್ನ ಕಡೆಗೊಮ್ಮೆ ಕಣ್ಣು ಹಾಯಿಸಿ ಕಾಗದ ಮಡಚಿಟ್ಟರು. ಯೂನಿವರ್ಸಿಟಿಗೆ ಯಾಕೆ ಆಡಲಿಲ್ಲ ಎಂದು ಅವಳನ್ನು ಕೇಳಲಿಲ್ಲ.